ಒಂದೇ ವಿಶ್ವವಿದ್ಯಾಲಯ, ಮೂರು ತಲೆ ಎಣಿಕೆ

ವಿದ್ಯಾರ್ಥಿಗಳೆಷ್ಟು ಎಂದರೆ ಪರೀಕ್ಷಾಂಗದ್ದು ಒಂದು ಲೆಕ್ಕ, ಹಣಕಾಸು ವಿಭಾಗದ್ದು ಇನ್ನೊಂದು, ಕಾಲೇಜುಗಳದ್ದು ಮತ್ತೊಂದು. ಯಾವುದು ಸರಿ ಎಂಬುದು ಪತ್ರ ಬರೆದ ಉಪ ಕುಲಸಚಿವರ ಪ್ರಶ್ನೆ. ಬಹುಶಃ ಮೂರೂ ಸರಿ! ಒಬ್ಬರು ಶುಲ್ಕ ಕಟ್ಟಿದವರನ್ನು ಎಣಿಸುತ್ತಾರೆ, ಇನ್ನೊಬ್ಬರು ಪರೀಕ್ಷೆಗೆ ಅರ್ಜಿ ಹಾಕಿದವರನ್ನು.

ಹಾಗಾಗಿ ‘ವಿದ್ಯಾರ್ಥಿ’ ಎಂದರೆ ಯಾರು ಎಂಬುದು ಮೊದಲು ನಿರ್ಧಾರವಾಗಲಿ, ಸರ್ವರ್ ಖರೀದಿಯ ಟೆಂಡರ್ ಸದ್ಯಕ್ಕೆ ಕಪಾಟಿನಲ್ಲೇ ಇರಲಿ. 2016ರಿಂದ ಉನ್ನತ ಶಿಕ್ಷಣ ಸಂಸ್ಥೆಗಳ ರ‍್ಯಾಂಕಿಂಗ್ ಪ್ರಕಟಿಸುತ್ತಿರುವ ಎನ್‌ಐಆರ್‌ಎಫ್ ಮಂಜೂರಾದ ಸೀಟುಗಳನ್ನೂ ನಿಜಕ್ಕೂ ಓದುತ್ತಿರುವವರನ್ನೂ ಬೇರೆಬೇರೆಯಾಗಿ ಕೇಳುತ್ತದೆ. ಎಐಎಸ್‌ಎಚ್‌ಇ ಎಂಬ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಗೆ ಲಿಂಗವಾರು, ಸಾಮಾಜಿಕ ವರ್ಗವಾರು ವಿವರ ಬೇಕು. ಅರ್ಧಕ್ಕೇ ಬಿಟ್ಟವರು, ಮರುಪ್ರವೇಶ ಪಡೆದವರು ಯಾವ ಕಾಲಂಗೆ? ಇದು ಕಂಪ್ಯೂಟರ್ ವಿಭಾಗ ತೀರ್ಮಾನಿಸುವ ಮಾತಲ್ಲ. ವ್ಯಾಖ್ಯೆಗೆ ಕುಲಸಚಿವರ ಸಹಿ ಬೀಳಬೇಕು.

ಆಮೇಲೆ ಎಲ್ಲ ವಿಭಾಗಗಳ ದತ್ತಾಂಶ ಒಂದೆಡೆ ಸೇರುವ ಡೇಟಾ ವೇರ್‌ಹೌಸ್. ಇದರ ವಿನ್ಯಾಸದ ತಜ್ಞ ರಾಲ್ಫ್ ಕಿಂಬಲ್ ಹೇಳಿಕೊಟ್ಟಂತೆ ವಿದ್ಯಾರ್ಥಿ, ಕೋರ್ಸ್, ಸೆಮಿಸ್ಟರ್ ಕೋಷ್ಟಕಗಳು ಎಲ್ಲ ವಿಭಾಗಗಳಿಗೂ ಒಂದೇ ಆಗಿರಬೇಕು. ನೋಂದಣಿ ಸಂಖ್ಯೆಯೇ ಕೊಂಡಿ. ಹೆಸರನ್ನು ನೆಚ್ಚಿದರೆ ‘ಮಂಜುನಾಥ ಕೆ.’ ಮತ್ತು ‘ಕೆ. ಮಂಜುನಾಥ್’ ಇಬ್ಬರಾಗಿಬಿಡುತ್ತಾರೆ. ಪ್ರತಿ ಸೆಮಿಸ್ಟರ್‌ನ ನಿಗದಿತ ದಿನ ದತ್ತಾಂಶದ ಒಂದು ಪ್ರತಿ ತೆಗೆದಿಡಬೇಕು, ಅದನ್ನು ಯಾರೂ ತಿದ್ದುವಂತಿಲ್ಲ. ಹಳೆಯ ವರದಿಗೆ ತಕರಾರು ಬಂದಾಗ ಉತ್ತರ ಸಿಗುವುದು ಅಲ್ಲೇ.

ಮೊದಲ ವರ್ಷ ಪ್ರವೇಶಾತಿ ವರದಿಯೊಂದೇ ಸಾಕು. ವೇತನ, ಹಾಸ್ಟೆಲ್ ಲೆಕ್ಕಗಳು ಕಾಯಬಹುದು.