ಏಳು ಅಡಿಯ ಬದುಕು: ಇಂಗ್ಲೆಂಡಿನ ಕಾಲುವೆ ದೋಣಿಗರನ್ನು ಓದುವ ಬಗೆ

ವಚನ ಸಾಹಿತ್ಯದ ಪಾಠದಲ್ಲಿ ಅಂಬಿಗರ ಚೌಡಯ್ಯನನ್ನು ಓದುವಾಗ ಒಂದು ಸಂಗತಿಯನ್ನು ನಾವು ಸಹಜವೆಂಬಂತೆ ದಾಟಿಹೋಗುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತಿದ್ದವನೊಬ್ಬ ತನ್ನ ಮಾತನ್ನು ತಾನೇ ಆಡಿದ. ವೃತ್ತಿಯ ಹೆಸರನ್ನೇ ಅಂಕಿತದಲ್ಲಿ ಇರಿಸಿಕೊಂಡ. ಆ ಮಾತು ನಮ್ಮವರೆಗೆ ಉಳಿದುಬಂದಿತು. ಇದೆಂಥ ಅಪೂರ್ವ ಭಾಗ್ಯವೆಂಬುದನ್ನು ಅರಿಯಲು, ಆ ಭಾಗ್ಯ ಲಭಿಸದ ಮತ್ತೊಂದು ದೋಣಿಗ ಸಮುದಾಯವನ್ನು ನೋಡಬೇಕು. ಇಂಗ್ಲೆಂಡಿನ ಕಾಲುವೆಗಳಲ್ಲಿ ಸುಮಾರು ಇನ್ನೂರು ವರ್ಷ ಸರಕು ಸಾಗಿಸಿದ ‘ನ್ಯಾರೋಬೋಟ್’ ಎಂಬ ಕಿರಿದೋಣಿಗಳ ಜನ ಅಂಥವರು. ಅವರನ್ನು ಕುರಿತು ಗ್ರಂಥಗಳುಂಟು, ಕಾನೂನುಗಳುಂಟು. ಅವರೇ ಬರೆದುದು ಅತ್ಯಲ್ಪ. ಬರೆಯದವರ ಬದುಕನ್ನು ಯಾವ ಆಧಾರದಿಂದ ಓದಬೇಕು? ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಇದು ದೂರದ ಪ್ರಶ್ನೆಯಲ್ಲ.

೧. ಒಂದು ಅಳತೆಯ ಕಥೆ

1761ರಲ್ಲಿ ಬ್ರಿಡ್ಜ್‌ವಾಟರ್ ಕಾಲುವೆ ತೆರೆಯಿತು. ವರ್ಸ್ಲಿಯ ಗಣಿಗಳ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ತರುವುದಕ್ಕಾಗಿ ಬ್ರಿಡ್ಜ್‌ವಾಟರಿನ ಮೂರನೆಯ ಡ್ಯೂಕ್ ಅದನ್ನು ತೋಡಿಸಿದನು; ಜೇಮ್ಸ್ ಬ್ರಿಂಡ್ಲಿ ಅದರ ಎಂಜಿನಿಯರ್. ಹೆದ್ದಾರಿಯಲ್ಲಿ ಒಂದು ಕುದುರೆ ಎಳೆಯಬಲ್ಲುದು ಸುಮಾರು ಎರಡು ಟನ್ ಭಾರ. ನೀರಿನ ಮೇಲಾದರೆ ಅದೇ ಕುದುರೆ ಇಪ್ಪತ್ತೈದು ಟನ್ನಿಗೂ ಹೆಚ್ಚು ಎಳೆಯುತ್ತದೆ. ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಆ ಬಳಿಕ ದೇಶದುದ್ದಕ್ಕೂ ಕಾಲುವೆ ತೋಡುವ ಉತ್ಸಾಹ ಹಬ್ಬಿತು.

ಬ್ರಿಂಡ್ಲಿಯ ಮುಂದಿನ ದೊಡ್ಡ ಕೆಲಸ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸುವ ಕಾಲುವೆ. ಕುಂಬಾರಿಕೆಯ ಉದ್ಯಮಿ ಜೊಸಾಯ ವೆಜ್‌ವುಡ್ ಇದರ ಮುಖ್ಯ ಬೆಂಬಲಿಗನಾಗಿದ್ದನು. ಹಾಳು ರಸ್ತೆಗಳಲ್ಲಿ ಒಡೆದುಹೋಗುತ್ತಿದ್ದ ಪಿಂಗಾಣಿ ಸಾಮಾನು ನೀರಿನ ಮೇಲೆ ಅಲುಗದೆ ಸಾಗಬಲ್ಲುದೆಂದು ಅವನು ಬಲ್ಲವನಾಗಿದ್ದನು. 1766ರಲ್ಲಿ ಆರಂಭವಾದ ಕೆಲಸ 1777ರಲ್ಲಿ ಮುಗಿಯಿತು. ಬ್ರಿಂಡ್ಲಿ ಅಷ್ಟರಲ್ಲಿ ತೀರಿಕೊಂಡಿದ್ದನು.

ಏರುತಗ್ಗಿನ ನೆಲದಲ್ಲಿ ಕಾಲುವೆ ಸಾಗಬೇಕಾದರೆ ‘ಲಾಕ್’ ಬೇಕು. ಲಾಕ್ ಎಂದರೆ ಎರಡು ತುದಿಗಳಲ್ಲೂ ಬಾಗಿಲುಗಳಿರುವ ಕಲ್ಲಿನ ಅಥವಾ ಇಟ್ಟಿಗೆಯ ತೊಟ್ಟಿ. ಕೆಳಗಿನಿಂದ ಬಂದ ದೋಣಿಯನ್ನು ಒಳಗೆ ಬಿಟ್ಟು, ಕೆಳಬಾಗಿಲು ಮುಚ್ಚಿ, ಮೇಲಿನ ಕಿಂಡಿ ತೆರೆದರೆ ನೀರು ತುಂಬುತ್ತದೆ, ದೋಣಿ ಏರುತ್ತದೆ, ಮೇಲಿನ ನೀರಿಗೆ ಸಮನಾದಾಗ ಮೇಲ್ಬಾಗಿಲು ತೆರೆಯುತ್ತದೆ. ಇಳಿಯುವಾಗ ಇದೇ ಕ್ರಮ ಹಿಂದುಮುಂದಾಗುತ್ತದೆ. ಪ್ರತಿ ಸಲವೂ ಸುಮಾರು 25,000 ಗ್ಯಾಲನ್ ನೀರು ಕೆಳಕ್ಕೆ ಹರಿದುಹೋಗುವುದರಿಂದ ತೊಟ್ಟಿ ಕಿರಿದಾದಷ್ಟೂ ನೀರು ಉಳಿಯುತ್ತದೆ, ಕಟ್ಟುವ ಖರ್ಚೂ ತಗ್ಗುತ್ತದೆ. ಬ್ರಿಂಡ್ಲಿ ಈ ಕಾಲುವೆಯ ಬಹುಪಾಲು ಲಾಕುಗಳಿಗೆ ಸುಮಾರು 72 ಅಡಿ ಉದ್ದ, 7 ಅಡಿ ಅಗಲದ ಅಳತೆಯನ್ನು ನಿಗದಿಮಾಡಿದನು. ಮಧ್ಯ ಇಂಗ್ಲೆಂಡಿನ ಹಲವು ಕಾಲುವೆಗಳು ಅದನ್ನೇ ಅನುಸರಿಸಿದವು. ದೋಣಿ ಅದಕ್ಕೆ ತಕ್ಕಂತೆ ರೂಪುಗೊಂಡಿತು: ಎಪ್ಪತ್ತು ಅಡಿ ಉದ್ದ, ಏಳಡಿಗೂ ತುಸು ಕಡಿಮೆ ಅಗಲ.

ಇದೇ ಕಾಲುವೆಯ ಹೇರ್‌ಕ್ಯಾಸಲ್ ಸುರಂಗ 2,880 ಗಜ ಉದ್ದವಿತ್ತು. ಒಳಗೆ ಕುದುರೆ ನಡೆಯಲು ದಾರಿ ಇರಲಿಲ್ಲ. ಕುದುರೆಯನ್ನು ಗುಡ್ಡದ ಮೇಲೆ ಹಾಯಿಸಿ, ದೋಣಿಗರು ಬೆನ್ನ ಮೇಲೆ ಮಲಗಿ, ಸುರಂಗದ ಗೋಡೆಯನ್ನು ಕಾಲಿನಿಂದ ಒದೆಯುತ್ತ ದೋಣಿಯನ್ನು ಕತ್ತಲೆಯಲ್ಲಿ ಸಾಗಿಸಬೇಕಾಗಿತ್ತು. ಥಾಮಸ್ ಟೆಲ್‌ಫರ್ಡ್ ಕಟ್ಟಿದ ಎರಡನೆಯ ಸುರಂಗ 1827ರಲ್ಲಿ ತೆರೆಯುವವರೆಗೂ ಇದೇ ಪರಿಪಾಟ. ನಕ್ಷೆಯಲ್ಲಿ ಉಳಿತಾಯವೆಂದು ಕಂಡದ್ದನ್ನು ದುಡಿಯುವವರ ಮೈ ತೆತ್ತಿತು.

೨. ಮನೆ ದೋಣಿಗೆ ಬಂದದ್ದು

ಮೊದಮೊದಲು ದೋಣಿಗನ ಹೆಂಡತಿ ಮಕ್ಕಳು ಹೆಚ್ಚಾಗಿ ದಡದ ಮನೆಯಲ್ಲಿರುತ್ತಿದ್ದರು. 1830ರ ಬಳಿಕ ರೈಲುಮಾರ್ಗಗಳು ಹಬ್ಬಿದಂತೆ ಸಾಗಣೆಯ ದರ ಕುಸಿಯಿತು. ಮನೆಬಾಡಿಗೆ ಮತ್ತು ಜೊತೆಯಾಳಿನ ಕೂಲಿ ಎರಡನ್ನೂ ಉಳಿಸಲು ಅನೇಕರು ಸಂಸಾರವನ್ನೇ ದೋಣಿಗೆ ತಂದರು. ಸರಕಿಗೆ ಜಾಗ ಹೆಚ್ಚು ಬೇಕಾದ್ದರಿಂದ ಹಿಂಭಾಗದ ಹತ್ತು ಅಡಿಯೊಳಗಿನ ಕೋಣೆಯೇ ಅವರ ಮನೆಯಾಯಿತು.

ಆ ಕೋಣೆಯ ವಿನ್ಯಾಸವನ್ನು ಗಮನಿಸಬೇಕು. ಬಾಗಿಲ ಬಳಿ ಕಲ್ಲಿದ್ದಲಿನ ಒಲೆ. ಅದರ ಪಕ್ಕದಲ್ಲಿ ಕಪಾಟು. ಕಪಾಟಿನ ಬಾಗಿಲನ್ನು ಕೆಳಕ್ಕಿಳಿಸಿದರೆ ಅದೇ ಊಟದ ಮೇಜು. ಹಗಲಿನಲ್ಲಿ ಮಡಚಿಟ್ಟ ಹಲಗೆ ರಾತ್ರಿ ಅಡ್ಡಲಾಗಿ ಬಿಚ್ಚಿಕೊಂಡು ಗಂಡಹೆಂಡಿರ ಹಾಸಿಗೆ. ಪಕ್ಕದ ಬೆಂಚು ಮಕ್ಕಳದು. ಅಡುಗೆ, ಊಟ, ನಿದ್ದೆ, ಹೆರಿಗೆ, ಸಾವು ಎಲ್ಲವೂ ಅಲ್ಲಿಯೇ. ಮುಂದೆ ಎಂಜಿನ್ ದೋಣಿಗಳು ಬಂದಾಗ ಒಂದರ ಹಿಂದೆ ‘ಬಟ್ಟಿ’ ಎಂಬ ಎಂಜಿನ್ನಿಲ್ಲದ ಜೊತೆದೋಣಿಯನ್ನು ಕಟ್ಟಿ ಎಳೆಯುವ ರೂಢಿ ಬೆಳೆಯಿತು. ಅದರ ಚುಕ್ಕಾಣಿ ಹಿಡಿಯುವುದು ಬಹುಮಟ್ಟಿಗೆ ಹೆಂಗಸರ ಪಾಲಿಗೆ ಬಂತು.

೩. ಹೊರಗಿನವರ ಬರಹ

ಈ ಜನರನ್ನು ನಾಡಿನ ಗಮನಕ್ಕೆ ತಂದವರು ಕೋಲ್‌ವಿಲ್ಲಿನ ಜಾರ್ಜ್ ಸ್ಮಿತ್. ಬಾಲ್ಯದಲ್ಲಿ ಇಟ್ಟಿಗೆಗೂಡಿನಲ್ಲಿ ದುಡಿದಿದ್ದ ಅವರು ಮೊದಲು ಅಲ್ಲಿನ ಮಕ್ಕಳಿಗಾಗಿ ಹೋರಾಡಿ, ಬಳಿಕ 1875ರಲ್ಲಿ ‘ಅವರ್ ಕೆನಾಲ್ ಪಾಪ್ಯುಲೇಶನ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕಿಕ್ಕಿರಿದ ಕೋಣೆ, ಕೊಳಕು, ಕುಡಿತ, ಶಾಲೆಯ ಮುಖ ಕಾಣದ ಮಕ್ಕಳು—ಇವು ಅವರು ಕಂಡ ಚಿತ್ರ. ಅದರ ಫಲವಾಗಿ 1877ರಲ್ಲಿ ಕಾಲುವೆ ದೋಣಿಗಳ ಕಾಯಿದೆ ಬಂತು. ದೋಣಿಗಳ ನೋಂದಣಿ ಕಡ್ಡಾಯವಾಯಿತು. ಕೋಣೆಯಲ್ಲಿ ಎಷ್ಟು ಮಂದಿ ಇರಬಹುದೆಂಬುದಕ್ಕೆ ಮಿತಿ ಬಂತು. 1884ರ ತಿದ್ದುಪಡಿ ತಪಾಸಣೆಯನ್ನು ಬಲಗೊಳಿಸಿತು.

ಸ್ಮಿತ್ ಅವರ ಕಾಳಜಿಯಲ್ಲಿ ಸಂದೇಹವಿಲ್ಲ. ಆದರೆ ಅವರ ಅಂಕಿಗಳು ಉತ್ಪ್ರೇಕ್ಷಿತವೆಂದು ನಂತರದ ಇತಿಹಾಸಕಾರರು ತೋರಿಸಿದ್ದಾರೆ. ಕಾಯಿದೆಗೂ ಒಂದು ಮಿತಿಯಿತ್ತು. ದೋಣಿ ನೋಂದಣಿಯಾದ ಊರನ್ನೇ ಮಕ್ಕಳ ಊರೆಂದು ಅದು ಪರಿಗಣಿಸಿತು. ದೋಣಿಯಾದರೋ ನಿಲ್ಲದೆ ಸಾಗುತ್ತಿತ್ತು. ಸರಕು ಇಳಿಸಲು ತಡೆದ ಒಂದೆರಡು ದಿನ ಒಂದು ಶಾಲೆ, ಮುಂದಿನ ವಾರ ಇನ್ನೊಂದು. ಅಕ್ಷರ ಹೀಗೆ ಕೈತಪ್ಪುತ್ತಲೇ ಹೋಯಿತು. ನಿಂತ ನೆಲದವರಿಗಾಗಿ ರೂಪಿಸಿದ ಶಾಲೆ ಚಲಿಸುವವರನ್ನು ತಲುಪಲಿಲ್ಲ. ದೋಷ ಮಾತ್ರ ಮಕ್ಕಳ ಮೇಲೆ ಬಿತ್ತು.

೪. ಗುಲಾಬಿ ಮತ್ತು ಕೋಟೆ

ಇನ್ನೊಂದು ಬಗೆಯ ಸಾಕ್ಷ್ಯವನ್ನು ನೋಡೋಣ. ಕೋಣೆಯ ಬಾಗಿಲು, ನೀರಿನ ಕ್ಯಾನು, ಕಪಾಟುಗಳ ಮೇಲೆಲ್ಲ ಕೆಂಪು, ಹಳದಿ, ಬಿಳಿ ಗುಲಾಬಿಗಳು. ಕೆರೆ, ಸೇತುವೆ, ಬೆಟ್ಟಗಳ ನಡುವೆ ಗೋಪುರಗಳುಳ್ಳ ಕೋಟೆ. ಈ ಬಗೆಯ ಅಲಂಕಾರ 1858ರಷ್ಟು ಹಿಂದೆಯೇ ಡಿಕನ್ಸ್ ಸಂಪಾದಿಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ಪತ್ರಿಕೆಯ ಪ್ರವಾಸ ಬರಹವೊಂದರಲ್ಲಿ ಕಾಣಿಸಿಕೊಂಡಿದೆ. ಅಂದರೆ ಸ್ಮಿತ್ ಅವರ ಗ್ರಂಥಕ್ಕಿಂತ ಹದಿನೇಳು ವರ್ಷ ಮೊದಲು.

ಇಲ್ಲಿಯೂ ಎಚ್ಚರ ಬೇಕು. ಚಿತ್ರ ಬರೆದವರು ಹೆಚ್ಚಾಗಿ ದೋಣಿ ಕಟ್ಟುವ ಅಂಗಳದ ಬಣ್ಣಗಾರರು. ಆದ್ದರಿಂದ ಅದನ್ನು ದೋಣಿಗರ ಸ್ವಹಸ್ತಾಕ್ಷರವೆನ್ನಲಾಗದು. ಆದರೆ ಅದನ್ನು ಬಯಸಿದವರು, ಮಸಿಯ ಸರಕಿನ ನಡುವೆ ದಿನವೂ ಒರೆಸಿ ಕಾಪಾಡಿದವರು ಅವರೇ. ಒಳಗೆ ಹೊಳೆಯುವ ಹಿತ್ತಾಳೆಯ ಗುಬ್ಬಿಗಳು, ಕಸೂತಿಯ ಪರದೆ, ಅಂಚಿನಲ್ಲಿ ರಿಬ್ಬನ್ ಪೋಣಿಸಿ ಗೋಡೆಗೆ ತೂಗುಹಾಕಿದ ತಟ್ಟೆಗಳು—ಇವು ಹೆಂಗಸರ ಆಯ್ಕೆ. ಸ್ಮಿತ್ ಕಂಡ ಕೊಳಕೂ ಸುಳ್ಳಲ್ಲ. ಈ ಹೊಳಪೂ ಸುಳ್ಳಲ್ಲ. ಒಂದೇ ಸಾಕ್ಷ್ಯವನ್ನು ನಂಬಿದವನಿಗೆ ಅರ್ಧ ಬದುಕು ಮಾತ್ರ ಕಾಣುತ್ತದೆ.

೫. ಮಾತು ಬಂದಾಗ

ಎರಡನೆಯ ಮಹಾಯುದ್ಧದಲ್ಲಿ ಆಳುಗಳು ಸಾಲದಾದಾಗ ತರುಣಿಯರು ತರಬೇತಿ ಪಡೆದು ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಸರಕು ಸಾಗಿಸಿದರು. ಅವರಲ್ಲಿ ಎಮ್ಮಾ ಸ್ಮಿತ್ 1948ರಲ್ಲಿ ‘ಮೇಡನ್ಸ್ ಟ್ರಿಪ್’ ಬರೆದರು. ಅದಕ್ಕೂ ಮೊದಲು, 1944ರಲ್ಲಿ, ಎಲ್.ಟಿ.ಸಿ. ರೋಲ್ಟ್ ಅವರ ‘ನ್ಯಾರೋ ಬೋಟ್’ ಬಂದಿತ್ತು. ಅದು ಹುಟ್ಟಿಸಿದ ಆಸಕ್ತಿಯಿಂದ 1946ರಲ್ಲಿ ಒಳನಾಡಿನ ಜಲಮಾರ್ಗಗಳ ಸಂಘ ಸ್ಥಾಪನೆಯಾಗಿ ಅನೇಕ ಕಾಲುವೆಗಳು ಉಳಿದವು. ಸರಕು ಸಾಗಣೆ ಮಾತ್ರ ಉಳಿಯಲಿಲ್ಲ. 1962–63ರ ಕಡುಚಳಿಯಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿದವು. ಮೊದಲೇ ಕ್ಷೀಣಿಸಿದ್ದ ವೃತ್ತಿ ಬಹುಮಟ್ಟಿಗೆ ಮುಗಿಯಿತು. ಇಂದು ಅದೇ ಕಾಲುವೆಗಳಲ್ಲಿ ವಿಹಾರದ ದೋಣಿಗಳೂ ವಾಸದ ದೋಣಿಗಳೂ ತೇಲುತ್ತಿವೆ.

ದೋಣಿಯ ಹೆಂಗಸರ ಮಾತು ವಿಸ್ತಾರವಾಗಿ ಪುಸ್ತಕಕ್ಕೆ ಬಂದದ್ದು 1993ರಲ್ಲಿ, ಶೀಲಾ ಸ್ಟುವರ್ಟ್ ಅವರ ‘ರಾಮ್ಲಿನ್ ರೋಸ್’ ಕೃತಿಯಲ್ಲಿ. ಅನೇಕ ವೃದ್ಧೆಯರನ್ನು ಮಾತನಾಡಿಸಿ, ಅವರ ನೆನಪುಗಳನ್ನು ಒಬ್ಬಳ ಕಥನವಾಗಿ ಹೆಣೆದ ಗ್ರಂಥವದು. ಆ ಹೊತ್ತಿಗೆ ವೃತ್ತಿ ನಿಂತು ಮೂವತ್ತು ವರ್ಷವಾಗಿತ್ತು. ಕೇಳುವವರು ಇನ್ನೂ ತಡಮಾಡಿದ್ದರೆ ಹೇಳುವವರೇ ಇರುತ್ತಿರಲಿಲ್ಲ.

೬. ನಮ್ಮ ತುಂಗಭದ್ರೆ

ಚೌಡಯ್ಯನ ಹೆಸರಿನೊಡನೆ ಬೆಸೆದುಕೊಂಡ ಚೌಡದಾನಪುರ ತುಂಗಭದ್ರೆಯ ದಡದಲ್ಲಿದೆ. ಅದೇ ನದಿ ಹಂಪೆಯನ್ನು ದಾಟಿ, ನಮ್ಮ ಆದೋನಿ ಸೀಮೆಯ ಬಡಗಣ ಅಂಚನ್ನು ಹಾದು, ಕರ್ನೂಲಿನ ಮೇಲ್ಭಾಗದ ಸುಂಕೇಸುಲಕ್ಕೆ ಬರುತ್ತದೆ. ಅಲ್ಲಿಂದ ಹೊರಡುವ ಕರ್ನೂಲು–ಕಡಪ ಕಾಲುವೆಯನ್ನು 1863ರಿಂದ 1870ರ ನಡುವೆ ಇಂಗ್ಲಿಷ್ ಕಂಪನಿಯೊಂದು ನೀರಾವರಿಗಾಗಿ ಮಾತ್ರವಲ್ಲ, ದೋಣಿಸಂಚಾರಕ್ಕಾಗಿಯೂ ತೋಡಿಸಿತು. 1882ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು. ಇಂದು ಅದು ಹೊಲಗಳಿಗೆ ನೀರುಣಿಸುವ ಕಾಲುವೆ. ಅದರ ಮೇಲೆ ಸಾಗಿದ ದೋಣಿಗಳನ್ನು ನೆನೆಯುವವರು ವಿರಳ.

ಎರಡು ಮೂರು ಭಾಷೆಗಳು ಕೂಡುವ ಗಡಿಸೀಮೆಯಲ್ಲಿ ಓದುತ್ತಿರುವ ನಮಗೆ ಇಲ್ಲೊಂದು ಕೆಲಸವಿದೆ. ನಮ್ಮ ಮನೆಗಳಲ್ಲಿ ಅಕ್ಷರ ಕಲಿಯದ ಅಜ್ಜಿ ಅಜ್ಜಂದಿರು ಆಡುವ ಕನ್ನಡ ಯಾವ ನಿಘಂಟಿನಲ್ಲೂ ಪೂರ್ಣವಾಗಿ ಸೇರಿಲ್ಲ. ಚೌಡಯ್ಯನಂತೆ ತಮ್ಮ ಮಾತಿಗೆ ತಾವೇ ಅಂಕಿತ ಹಾಕುವ ಅವಕಾಶ ಎಲ್ಲರಿಗೂ ಒದಗದು. ಅವರು ಹೇಳುತ್ತಿರುವಾಗಲೇ ಕೇಳಿ ಬರೆದುಕೊಳ್ಳುವ ಅವಕಾಶ ನಮಗೆ ಇದೆ.

ಅಭ್ಯಾಸಕ್ಕೆ

1. ಲಾಕಿನ ಅಳತೆ ದೋಣಿಗರ ಕುಟುಂಬ ಜೀವನವನ್ನು ಹೇಗೆ ರೂಪಿಸಿತು? ವಿವರಿಸಿ.
2. ಜಾರ್ಜ್ ಸ್ಮಿತ್ ಅವರ ಗ್ರಂಥವನ್ನೂ ದೋಣಿಯ ಅಲಂಕಾರವನ್ನೂ ಸಾಕ್ಷ್ಯಗಳೆಂದು ಪರಿಗಣಿಸಿ, ಅವುಗಳ ಬೆಲೆ ಮತ್ತು ಮಿತಿಗಳನ್ನು ಹೋಲಿಸಿ.
3. ನಿಮ್ಮ ಊರಿನ ಹಿರಿಯರೊಬ್ಬರಿಂದ ಅವರ ವೃತ್ತಿಗೆ ಸಂಬಂಧಿಸಿದ ಹತ್ತು ಪದಗಳನ್ನು ಕೇಳಿ, ಅವರು ಉಚ್ಚರಿಸಿದಂತೆಯೇ ಬರೆದು ತನ್ನಿ.