ಬೆಸುಗೆಯ ಮೇಜನ್ನು ಮನೆಯಲ್ಲಿಯೇ ಕಟ್ಟುವ ಕ್ರಮ

ಕುಂಟೆ, ಕೂರಿಗೆ, ಟ್ರೈಲರುಗಳ ಮುರಿದ ಭಾಗಗಳನ್ನು ತಾವೇ ವಿದ್ಯುತ್ ಬೆಸುಗೆಯಿಂದ ದುರಸ್ತಿ ಮಾಡಿಕೊಳ್ಳುವ ರೈತರಿಗೆ ಸಮತಟ್ಟಾದ ಉಕ್ಕಿನ ಮೇಜು ಅವಶ್ಯವಾದುದು.

4 ಅಡಿ ಉದ್ದ, 2 ಅಡಿ ಅಗಲ, 10 ಮಿಲಿಮೀಟರ್ ದಪ್ಪವುಳ್ಳ ಹಲಗೆಯೊಂದೇ ಸುಮಾರು 58 ಕಿಲೋಗ್ರಾಂ ತೂಗುವುದರಿಂದ, ಕಾಲುಗಳನ್ನು 50 ಮಿಲಿಮೀಟರಿನ ಆಂಗಲ್ ಕಬ್ಬಿಣದಿಂದ ಮಾಡಿ ಅಡ್ಡಪಟ್ಟಿಗಳಿಂದ ಬಿಗಿಯತಕ್ಕದ್ದು. ಹಲಗೆಯನ್ನು ಚೌಕಟ್ಟಿಗೆ ಉದ್ದಕ್ಕೂ ಒಂದೇ ಸಮನೆ ಬೆಸೆದರೆ, ಅದು ಆರುವಾಗ ಸೊಟ್ಟಗಾಗುವುದು; ಒಂದೊಂದು ಅಂಗುಲದಷ್ಟನ್ನು ಎದುರುಬದುರಾಗಿ, ನಡುವೆ ಎಡೆಬಿಟ್ಟು ಬೆಸೆಯಬೇಕು. ಮೇಲ್ಭಾಗಕ್ಕೆ ಬಣ್ಣ ಬಳಿಯಬಾರದು.

ಕಾಲುಗಳಿಗೆ ಸತುವಿನ ಲೇಪವುಳ್ಳ ಹಳೆಯ ನೀರಿನ ಕೊಳವೆಗಳನ್ನು ಉಪಯೋಗಿಸುವುದುಂಟು. ಆ ಲೇಪವು ಬೆಸುಗೆಯ ಶಾಖಕ್ಕೆ ಹೊಗೆಯಾಗಿ, ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿಯೇ ನಡುಕದೊಡನೆ ಜ್ವರವನ್ನು ತರಬಹುದು. ಆದುದರಿಂದ ಅವನ್ನು ವರ್ಜಿಸತಕ್ಕದ್ದು. ಕಿಡಿಗಳು ದೂರ ಹಾರುವುವಾದ್ದರಿಂದ, ಹುಲ್ಲಿನ ಬಣವೆಯಿಂದ 35 ಅಡಿಗಳಿಗೆ ಕಡಿಮೆಯಿಲ್ಲದಂತೆ ಮೇಜನ್ನು ಇರಿಸತಕ್ಕದ್ದು.