ವಿಶ್ವವಿದ್ಯಾಲಯಗಳ ವಿಭಜನೆ ಮತ್ತು ಸಣ್ಣ ಕಾಲೇಜುಗಳ ಕ್ರೀಡೆ: ಬೆಳಗಾವಿ–ಖಾನಾಪುರದ ಒಂದು ಅಧ್ಯಯನ

ಕಾಲೇಜು ಕ್ರೀಡೆಯು ವಾಣಿಜ್ಯ ಪತ್ರಿಕೆಯ ಪುಟಗಳಿಗೆ ತಕ್ಕ ವಿಷಯವೇ ಎಂದು ಸದಸ್ಯರಲ್ಲಿ ಕೆಲವರು ಕೇಳಬಹುದು. ಶೈಕ್ಷಣಿಕ ವರ್ಷ ಆರಂಭವಾದೊಡನೆ ಢಾಲು, ಜೆರ್ಸಿ, ಜಾಹೀರಾತುಗಳಿಗಾಗಿ ದೈಹಿಕ ಶಿಕ್ಷಣ ನಿರ್ದೇಶಕರು ನಮ್ಮ ಅಂಗಡಿಗಳ ಮೆಟ್ಟಿಲು ಹತ್ತುವುದನ್ನು ಬಲ್ಲವರು ಹಾಗೆ ಕೇಳಲಾರರು. ನಾವು ಕೊಡುವ ಹಣ ಯಾವ ತಂಡಕ್ಕೆ, ಯಾವ ಕೆಲಸಕ್ಕೆ ನಿಜವಾಗಿ ಬೇಕಾಗಿದೆ ಎಂಬುದನ್ನು ಅರಿಯಬೇಕಾದರೆ, ಕಳೆದ ಮೂರು ದಶಕಗಳಲ್ಲಿ ಈ ಭಾಗದ ಕಾಲೇಜುಗಳ ವಿಶ್ವವಿದ್ಯಾಲಯ ಸಂಯೋಜನೆ ಹೇಗೆ ಬದಲಾಯಿತೆಂಬುದನ್ನು ಅವಲೋಕಿಸುವುದು ಅಗತ್ಯ.

ನಮ್ಮ ದೇಶದಲ್ಲಿ ಕಾಲೇಜು ತಂಡವೊಂದು ಯಾರ ವಿರುದ್ಧ ಆಡಬೇಕೆಂಬುದನ್ನು ಅದರ ವಿಶ್ವವಿದ್ಯಾಲಯವೇ ನಿರ್ಧರಿಸುತ್ತದೆ. ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಅಂತರ ಕಾಲೇಜು ಪಂದ್ಯಾವಳಿಗಳಲ್ಲಿ ಸೆಣಸುತ್ತವೆ. ಅಲ್ಲಿ ಮಿಂಚಿದವರಿಂದ ವಿಶ್ವವಿದ್ಯಾಲಯದ ತಂಡ ರೂಪುಗೊಳ್ಳುತ್ತದೆ. ಆ ತಂಡವು 1925ರಲ್ಲಿ ಸ್ಥಾಪನೆಯಾದ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ತೆರಳುತ್ತದೆ. 2020ರಿಂದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಇದಕ್ಕೆ ಸೇರಿದೆ. ಆದ್ದರಿಂದ ಶಾಸನಸಭೆಯಲ್ಲಿ ಹೊಸ ವಿಶ್ವವಿದ್ಯಾಲಯದ ಮಸೂದೆ ಅಂಗೀಕಾರವಾದಾಗ, ಅದರ ಚರ್ಚೆಯಲ್ಲಿ ಕ್ರೀಡೆಯ ಪ್ರಸ್ತಾಪವೇ ಬಾರದಿದ್ದರೂ, ನೂರಾರು ಕಬಡ್ಡಿ, ವಾಲಿಬಾಲ್ ತಂಡಗಳ ಎದುರಾಳಿಗಳು ಬದಲಾಗುತ್ತಾರೆ.

ಬೆಳಗಾವಿಗೆ ಇದು ಹೊಸದಲ್ಲ. 1933ರಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಮೊದಲು ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಈ ಭಾಗದ ಕಾಲೇಜುಗಳ ಮುಖ ಧಾರವಾಡದತ್ತ ತಿರುಗಿತು. ಅಲ್ಲಿಂದ ಸುಮಾರು ಅರ್ಧ ಶತಮಾನ ಕಲೆ, ವಿಜ್ಞಾನ, ವಾಣಿಜ್ಯ, ಕಾನೂನು, ಎಂಜಿನಿಯರಿಂಗ್, ವೈದ್ಯಕೀಯವೆಂಬ ಭೇದವಿಲ್ಲದೆ ಎಲ್ಲ ಕಾಲೇಜುಗಳು ಒಂದೇ ಅಂಗಳದಲ್ಲಿ ಆಡಿದವು.

ವಿಭಜನೆ ಆರಂಭವಾದದ್ದು ಆ ಮೇಲೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದಿತು. ವೈದ್ಯಕೀಯ ಕಾಲೇಜುಗಳು ಅತ್ತ ಹೋದವು. 1998ರಲ್ಲಿ ನಮ್ಮ ನಗರದಲ್ಲಿಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಗೊಂಡು ಎಂಜಿನಿಯರಿಂಗ್ ಕಾಲೇಜುಗಳು ಅದರ ಅಧೀನವಾದವು. 2003ರಲ್ಲಿ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ, 2006ರಲ್ಲಿ ಕೆ.ಎಲ್.ಇ. ಸಂಸ್ಥೆಗೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ, 2009ರಲ್ಲಿ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ. ಕೊನೆಗೆ 2010ರಲ್ಲಿ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗಾಗಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಭೂತರಾಮನಹಟ್ಟಿಯಲ್ಲಿ ತಲೆ ಎತ್ತಿತು.

ಇದರ ಪರಿಣಾಮವನ್ನು ಟಿಳಕವಾಡಿಯಲ್ಲಿ ಕಾಲ್ನಡಿಗೆಯಲ್ಲೇ ನೋಡಬಹುದು. ರಾಣಿ ಪಾರ್ವತಿದೇವಿ ಕಾಲೇಜು, ಗೋವಿಂದರಾಮ ಸೇಕ್ಸಾರಿಯಾ ವಿಜ್ಞಾನ ಕಾಲೇಜು, ಗೋಗಟೆ ವಾಣಿಜ್ಯ ಕಾಲೇಜು ಇವು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವು. ಸಮೀಪದಲ್ಲೇ ಇರುವ, 1939ರಷ್ಟು ಹಳೆಯದಾದ ರಾಜಾ ಲಖಮಗೌಡ ಕಾನೂನು ಕಾಲೇಜು ಹುಬ್ಬಳ್ಳಿಯ ಅಧೀನ. ಉದ್ಯಮಬಾಗದ ಗೋಗಟೆ ತಾಂತ್ರಿಕ ಸಂಸ್ಥೆ ವಿಶ್ವೇಶ್ವರಯ್ಯ ವಿಶ್ವವಿದ್ಯಾಲಯದ್ದು. ವಾಣಿಜ್ಯ ಕಾಲೇಜು, ಕಾನೂನು ಕಾಲೇಜು, ತಾಂತ್ರಿಕ ಸಂಸ್ಥೆ ಈ ಮೂರನ್ನೂ ನಡೆಸುವುದು ಕರ್ನಾಟಕ ಲಾ ಸೊಸೈಟಿ ಒಂದೇ. ಆದರೂ ಅವುಗಳ ತಂಡಗಳು ಅಧಿಕೃತ ಅಂತರ ಕಾಲೇಜು ಪಂದ್ಯದಲ್ಲಿ ಎದುರುಬದುರಾಗುವಂತಿಲ್ಲ. ಸಂಜೆ ಒಂದೇ ಮೈದಾನದಲ್ಲಿ ಒಟ್ಟಿಗೆ ಅಭ್ಯಾಸ ಮಾಡುವ ಹುಡುಗರಿಗೆ ಇದು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ.

ನಗರದ ದೊಡ್ಡ ಕಾಲೇಜುಗಳಿಗೆ ಇದರಿಂದ ಅಂಥ ನಷ್ಟವೇನೂ ಆಗಿಲ್ಲ. ವಿದ್ಯಾರ್ಥಿಗಳು ಸಾವಿರಗಟ್ಟಲೆ ಇದ್ದಾರೆ, ಮೈದಾನ ಹತ್ತಿರವಿದೆ, ಪಂದ್ಯಾವಳಿಗೆ ಆತಿಥ್ಯ ವಹಿಸುವ ಶಕ್ತಿಯೂ ಇದೆ. ಪೆಟ್ಟು ಬಿದ್ದದ್ದು ಬೇರೆಡೆ. ಸುಮಾರು 25 ಕಿ.ಮೀ. ದೂರದ ಖಾನಾಪುರವನ್ನೇ ನೋಡೋಣ.

ಖಾನಾಪುರ ತಾಲೂಕು ಜಿಲ್ಲೆಯ ತೆಂಕಣ ಮೂಲೆ. ಅದರ ಸಹಜ ನೆರೆಹೊರೆಯೆಂದರೆ ಅಳ್ನಾವರ, ಧಾರವಾಡ, ಹಳಿಯಾಳ, ದಾಂಡೇಲಿ. ಲೋಂಡಾ ಮಾರ್ಗವಾಗಿ ಹೋಗುವ ರೈಲು ಖಾನಾಪುರವನ್ನು ನೇರವಾಗಿ ಧಾರವಾಡಕ್ಕೆ ಜೋಡಿಸುತ್ತದೆ. ಬೆಳಿಗ್ಗೆ ಸಾಮಾನ್ಯ ಬೋಗಿ ಹತ್ತಿ ಹೋಗಿ, ಆಡಿ ಮರಳುವುದು ಕಷ್ಟದ ಮಾತಲ್ಲ. ಕುಸ್ತಿಗೆ ಹೆಸರಾದ ಹಳಿಯಾಳವೂ ದೂರವಿಲ್ಲ. 2010ರ ಗೆರೆ ಈ ನೆರೆಯವರನ್ನೆಲ್ಲ ಆಚೆ ಉಳಿಸಿತು. ಅವರು ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಇದ್ದಾರೆ. ಖಾನಾಪುರಕ್ಕೆ ಹೊಸ ಒಡನಾಡಿಗಳಾಗಿ ದೊರೆತದ್ದು ಅಥಣಿ, ಜಮಖಂಡಿ, ಮುದ್ದೇಬಿಹಾಳ, ವಿಜಯಪುರಗಳ ತಂಡಗಳು. ಬೆಳಗಾವಿಯಿಂದಲೇ ವಿಜಯಪುರ 200 ಕಿ.ಮೀ.ಗೂ ಹೆಚ್ಚು. ರೈಲಿನಲ್ಲಿ ಹೋಗುವುದಾದರೆ ಹುಬ್ಬಳ್ಳಿ, ಗದಗ, ಬಾಗಲಕೋಟೆಗಳನ್ನು ಸುತ್ತಬೇಕು. 2023ರಲ್ಲಿ ಬಾಗಲಕೋಟೆ ಜಿಲ್ಲೆಗೆ ಜಮಖಂಡಿಯಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ ಆರಂಭವಾದಾಗ ನಡುವಿನ ಜಿಲ್ಲೆಯೂ ಕಳಚಿಕೊಂಡಿತು. 2025ರಲ್ಲಿ ಇಂಥ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ವಿಚಾರವನ್ನು ಸಚಿವ ಸಂಪುಟದ ಉಪಸಮಿತಿ ಮುಂದಿಟ್ಟಿತು. ಗೆರೆಗಳು ಅಷ್ಟು ಬೇಗ ಬದಲಾಗುವಾಗ ಯಾವ ಕಾಲೇಜು ತಾನೇ ಐದು ವರ್ಷದ ಕ್ರೀಡಾ ಯೋಜನೆ ಹಾಕೀತು?

ಇನ್ನು ಲೆಕ್ಕಕ್ಕೆ ಬರೋಣ. ಉದಾಹರಣೆಗಾಗಿ, 300 ವಿದ್ಯಾರ್ಥಿಗಳಿರುವ ಕಾಲೇಜು ತಲಾ ನೂರು ರೂಪಾಯಿ ಕ್ರೀಡಾ ಶುಲ್ಕ ಪಡೆಯುತ್ತದೆ ಎಂದಿಟ್ಟುಕೊಳ್ಳೋಣ. ವರ್ಷದ ನಿಧಿ 30,000 ರೂ. ಕಬಡ್ಡಿ ತಂಡದ ಹನ್ನೆರಡು ಆಟಗಾರರು, ನಿರ್ದೇಶಕರು, ಒಬ್ಬ ಸಹಾಯಕರು, ಒಟ್ಟು 14 ಜನ ವಿಜಯಪುರಕ್ಕೆ ಹೋಗಿ ಬರಬೇಕು. ಬಾಡಿಗೆ ವಾಹನಕ್ಕೆ ಕಿ.ಮೀ.ಗೆ 20 ರೂ. ಹಿಡಿದರೆ 450 ಕಿ.ಮೀ.ಗೆ 9,000 ರೂ. ಎರಡು ದಿನದ ಊಟೋಪಚಾರಕ್ಕೆ ತಲಾ ದಿನಕ್ಕೆ 200 ರೂ.ನಂತೆ 5,600 ರೂ. ಒಟ್ಟು 14,600 ರೂ. ಅಂದರೆ ಒಂದೇ ಆಟದ ಒಂದೇ ಪ್ರವಾಸ ವರ್ಷದ ನಿಧಿಯ ಅರ್ಧದಷ್ಟನ್ನು ನುಂಗುತ್ತದೆ. ಇದೇ ಶುಲ್ಕ ಪಡೆಯುವ, 3,000 ವಿದ್ಯಾರ್ಥಿಗಳ ಕಾಲೇಜಿಗೆ ಇದೇ ಖರ್ಚು ನೂರಕ್ಕೆ ಐದರಷ್ಟೂ ಆಗದು. ಆದಾಯ ತಲೆಯೆಣಿಕೆಗೆ ತಕ್ಕಂತೆ, ಖರ್ಚು ಮಾತ್ರ ಸ್ಥಿರ. ಚಿಲ್ಲರೆ ವ್ಯಾಪಾರ ಮಾಡುವ ನಮ್ಮ ಸದಸ್ಯರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕಾಲೇಜು ಸಾಮಾನ್ಯವಾಗಿ ಹಿಡಿಯುವ ದಾರಿಯೂ ವ್ಯಾಪಾರಿಯದೇ: ಆರು ಆಟಗಳಲ್ಲಿ ನಾಲ್ಕನ್ನು ಕೈಬಿಡುವುದು.

ನ್ಯಾಯವಾಗಿ ಹೇಳುವುದಾದರೆ ವಿಭಜನೆಯಿಂದ ಲಾಭವೂ ಆಗಿದೆ. ಅದು ಸಣ್ಣದಲ್ಲ. ಪ್ರತಿಯೊಂದು ವಿಶ್ವವಿದ್ಯಾಲಯವೂ ಆಟಕ್ಕೊಂದು ತಂಡ ಕಳುಹಿಸುವುದರಿಂದ, ಒಂದು ಇದ್ದಲ್ಲಿ ನಾಲ್ಕು ವಿಶ್ವವಿದ್ಯಾಲಯಗಳಾದರೆ ತಂಡಗಳೂ ನಾಲ್ಕು. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಆಡಿದವನಿಗೆ ವಿಶ್ವವಿದ್ಯಾಲಯದ ಕ್ರೀಡಾ ಮುಖ್ಯಸ್ಥರು ನೀಡುವ, ನಮೂನೆ 3 ಎಂದು ಕರೆಯಲಾಗುವ ಪ್ರಮಾಣಪತ್ರವು ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಹುದ್ದೆಗಳಿಗೆ ಅರ್ಹತೆಯ ದಾಖಲೆ. ಒಕ್ಕಲುತನದ ಮನೆಯ ಹುಡುಗನಿಗಾಗಲಿ ಹುಡುಗಿಗಾಗಲಿ ರೈಲ್ವೆಯ ನೌಕರಿಗೆ ಅದು ದಾರಿಯಾಗಬಲ್ಲದು. ಧಾರವಾಡದ ಕಾಲದಲ್ಲಿ ಏಳು ಜಿಲ್ಲೆಗಳ ಆಟಗಾರರ ನಡುವೆ ಆಯ್ಕೆಯಾಗಬೇಕಿತ್ತು. ಈಗ ಎರಡೇ ಜಿಲ್ಲೆ. ಆದರೆ ಆಯ್ಕೆಗಾರರ ಕಣ್ಣಿಗೆ ಬೀಳಬೇಕಾದರೆ ಪಂದ್ಯಾವಳಿಗೆ ಹೋಗಿರಬೇಕು. ಹೋಗಲು ವಾಹನವಿಲ್ಲದ ತಂಡದ ಪಾಲಿಗೆ ಈ ಲಾಭ ಕಾಗದದಲ್ಲೇ ಉಳಿಯುತ್ತದೆ.

ಅಮೆರಿಕದಲ್ಲಿಯೂ ಇಂಥದೇ ಪುನರ್ವಿಂಗಡಣೆ ನಡೆದಿದೆ, ಕಾರಣ ಮಾತ್ರ ಬೇರೆ. ಪ್ರಸಾರ ಹಕ್ಕಿನ ಹಣವನ್ನು ಅರಸಿ 2024ರಲ್ಲಿ ಪೆಸಿಫಿಕ್ ತೀರದ ‘ಪ್ಯಾಕ್-12’ ಕ್ರೀಡಾ ಒಕ್ಕೂಟದಿಂದ ಹತ್ತು ವಿಶ್ವವಿದ್ಯಾಲಯಗಳು ಹೊರನಡೆದವು. ಆರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎಂಬ ಎರಡೇ ಹಿಂದುಳಿದವು. ಹೊರಹೋದವುಗಳ ಫುಟ್ಬಾಲ್ ತಂಡಕ್ಕೆ ಹಣ ಬಂದರೂ, ಟಿ.ವಿ. ಗಳಿಕೆ ಹೆಚ್ಚಿಲ್ಲದ ವಾಲಿಬಾಲ್ ಆಟಗಾರ್ತಿಯರು ಖಂಡದ ಒಂದು ತೀರದಿಂದ ಇನ್ನೊಂದು ತೀರಕ್ಕೆ ಪ್ರಯಾಣಿಸಬೇಕಾಯಿತು. ಅಲ್ಲಿ ಹಣ ಎಳೆದ ಗೆರೆ, ಇಲ್ಲಿ ಆಡಳಿತ ಎಳೆದ ಗೆರೆ; ದೂರದ ವೆಚ್ಚ ಎರಡೂ ಕಡೆ ಸಣ್ಣವರ ತಲೆಗೇ ಬಂದಿದೆ.

ಸಂಯೋಜನೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಕೈಲಾಗುವ ಎರಡು ಕೆಲಸಗಳಿವೆ. ಮೊದಲನೆಯದಾಗಿ, ಸದಸ್ಯರು ಢಾಲು ಕೊಡುವುದನ್ನು ಸ್ವಲ್ಪ ಕಡಿಮೆ ಮಾಡಬೇಕು. ಅಂಗಡಿಯ ಹೆಸರು ಕೆತ್ತಿಸಿದ ಢಾಲು ಗೆದ್ದ ಕಾಲೇಜಿನ ಕಪಾಟು ಸೇರುತ್ತದೆ, ಗೆಲ್ಲುವುದು ಬಹುಪಾಲು ದೊಡ್ಡ ಕಾಲೇಜೇ. ಅದೇ ಹಣದಲ್ಲಿ ಸಣ್ಣ ತಂಡವೊಂದಕ್ಕೆ ಎರಡು ದಿನದ ವಾಹನ ಒದಗಿಸಬಹುದು. ಹೆಸರು ಬೇಕೆಂದರೆ ವಾಹನಕ್ಕೆ ಬ್ಯಾನರ್ ಕಟ್ಟಲು ಯಾರ ಅಡ್ಡಿಯೂ ಇಲ್ಲ. ಸಾಗಣೆ ವ್ಯವಹಾರದ ಸದಸ್ಯರು ಡೀಸೆಲ್ ಖರ್ಚಿನಲ್ಲಷ್ಟೇ ವಾಹನ ಕೊಟ್ಟರೂ ಮೇಲಿನ ಲೆಕ್ಕ ಬಹಳಷ್ಟು ಬದಲಾಗುತ್ತದೆ.

ಎರಡನೆಯದು, ವಿಶ್ವವಿದ್ಯಾಲಯದ ಗೆರೆಯನ್ನು ಲೆಕ್ಕಿಸದ ಆಹ್ವಾನಿತ ಪಂದ್ಯಾವಳಿಯೊಂದನ್ನು ಟಿಳಕವಾಡಿಯಲ್ಲಿ ವರ್ಷಕ್ಕೊಮ್ಮೆ ಏರ್ಪಡಿಸುವುದು. ಕಾನೂನು, ತಾಂತ್ರಿಕ, ವೈದ್ಯಕೀಯ, ಪದವಿ ಕಾಲೇಜುಗಳೊಡನೆ ಖಾನಾಪುರ, ಹಳಿಯಾಳ, ಅಳ್ನಾವರಗಳ ತಂಡಗಳನ್ನೂ ಕರೆಯಬೇಕು. ಇದರಿಂದ ನಮೂನೆ 3 ದೊರೆಯದು. ಹತ್ತಿರದ ಎದುರಾಳಿ ದೊರೆಯುತ್ತಾನೆ. ಹೊರಗಿನ ತಂಡಗಳು ತಂಗಿದರೆ ಖಾನಾವಳಿ, ವಸತಿಗೃಹಗಳಿಗೂ ನಾಲ್ಕು ಕಾಸು. ಕಬಡ್ಡಿ, ವಾಲಿಬಾಲ್, ಟೇಬಲ್ ಟೆನಿಸ್ ಇಷ್ಟರಿಂದಲೇ ಆರಂಭಿಸಬಹುದು.

ದಿನಾಂಕ ಗೊತ್ತುಮಾಡುವಾಗ ಮಾತ್ರ ಮಳೆಯನ್ನು ಮರೆಯಬಾರದು. ಜಾಂಬೋಟಿ, ಕಣಕುಂಬಿಯ ಕಡೆಯ ಹುಡುಗರ ಮೈದಾನ ಸೆಪ್ಟೆಂಬರ್‌ವರೆಗೂ ಕೆಸರು. ನಗರದವರು ಒಳಾಂಗಣದಲ್ಲಿ ಪಳಗುವ ಆ ತಿಂಗಳುಗಳಲ್ಲಿ ಅವರಿಗೆ ಅಭ್ಯಾಸವೇ ಇರುವುದಿಲ್ಲ. ಆದ್ದರಿಂದ ಪಂದ್ಯಾವಳಿ ದಸರೆಯ ನಂತರವೇ ಆಗಬೇಕು. ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ವಿಶ್ವವಿದ್ಯಾಲಯಕ್ಕೊಂದರಂತೆ ಇರುವುದರಿಂದ ಎಲ್ಲ ದೈಹಿಕ ಶಿಕ್ಷಣ ನಿರ್ದೇಶಕರನ್ನೂ ಮೊದಲೇ ಒಂದೆಡೆ ಕೂಡಿಸಿ ಮಾತಾಡಬೇಕಾಗುತ್ತದೆ.